ಶೇಕದಾರ ಸದಾಶಿವಪ್ಪನವರ ಆರು ಸಾಲು

ಹೆಚ್ಚು ಬರೆಯಬಾರದೆಂಬುದನ್ನು ಸದಾಶಿವಪ್ಪನವರಿಗೆ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಅವರ ಬಲಗೈಯ ನಡುಬೆರಳು. ಶಿಕಾರಿಪುರದವರಾದ ಅವರು ಹತ್ತೊಂಬತ್ತನೆಯ ವಯಸ್ಸಿಗೆ ಸರ್ಕಾರಿ ಕೆಲಸಕ್ಕೆ ಸೇರಿ, ಮೊದಲ ಹನ್ನೊಂದು ವರ್ಷ ನಕಲು ಗುಮಾಸ್ತರಾಗಿದ್ದರು. ಬೇರೆಯವರು ಬರೆದದ್ದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೆಯೇ ಇನ್ನೊಂದು ಕಾಗದಕ್ಕೆ ಇಳಿಸುವುದು ಆ ಕೆಲಸ. ಒಂದು ಬಾವಿ ಯಾರದೆಂದು ಹೇಳಲು ನಾಲ್ಕು ಪುಟ. ಒಂದು ಮರ ಬಿದ್ದಿತೆಂದು ತಿಳಿಸಲು ಎರಡು ಪುಟ. ‘ಸದರಿ’, ‘ಮೇಲ್ಕಂಡ’, ‘ಆಗಿರುತ್ತದೆಯಾಗಿ’ ಎಂಬ ಮಾತುಗಳು ಸಾಲುಸಾಲಾಗಿ ಬರುತ್ತಿದ್ದವು. ಅವನ್ನು ಬರೆಸಿದವರಿಗೆ ನಾಲಿಗೆಯ ಖರ್ಚು ಮಾತ್ರ. ನಕಲು ತೆಗೆಯುವವನಿಗೆ ಒಂದೊಂದು ಮಾತೂ ಬೆರಳಿನ ಖರ್ಚು. ನಡುಬೆರಳಿನ ಪಕ್ಕದಲ್ಲಿ ಎದ್ದ ಜಡ್ಡು ಗಟ್ಟಿಯಾಗಿ, ಚಳಿಗಾಲದಲ್ಲಿ ಸೀಳುತ್ತಿತ್ತು. ಸಂಜೆ ಮನೆಗೆ ಬಂದರೆ ಅನ್ನ ಕಲಸಲು ಬೆರಳು ಬಗ್ಗುತ್ತಿರಲಿಲ್ಲ. ಹೆಂಡತಿ ವನಜಮ್ಮ ಹರಳೆಣ್ಣೆ ಹಚ್ಚಿ ನೀವುತ್ತಿದ್ದರು.

ಮುಂದೆ ಅವರೇ ಬರೆಯುವ ಕಾಲ ಬಂದಾಗ, ಇದನ್ನು ನಕಲು ತೆಗೆಯುವ ಬಡಪಾಯಿಯೊಬ್ಬ ಎಲ್ಲೋ ಕೂತಿದ್ದಾನೆ ಎಂಬ ನೆನಪು ಅವರ ಲೇಖಣಿಯ ತುದಿಯಲ್ಲೇ ಇರುತ್ತಿತ್ತು. ಇಲ್ಲದಿದ್ದರೂ ನಡೆಯುವ ಮಾತನ್ನು ಅವರು ಬರೆಯಲೇ ಇಲ್ಲ. ಇದನ್ನು ಅವರು ಒಂದು ಗುಣವೆಂದು ಯಾವತ್ತೂ ಹೇಳಿಕೊಂಡವರಲ್ಲ. ಅವರ ಮಟ್ಟಿಗೆ ಅದು ಬರೀ ಆಯಾಸ.

೧೯೫೮ರ ಹೊತ್ತಿಗೆ ಸದಾಶಿವಪ್ಪನವರಿಗೆ ಐವತ್ತಮೂರು ವರ್ಷ. ಸೊರಬದ ಕಡೆಯ ಒಂದು ಹೋಬಳಿಗೆ ಶೇಕದಾರರಾಗಿದ್ದರು. ಹಳ್ಳಿಹಳ್ಳಿಯ ಶಾನುಭೋಗರ ಲೆಕ್ಕಪತ್ರ ತನಿಖೆ ಮಾಡುವುದು, ಜಮೀನಿನ ತಕರಾರು ಬಂದಲ್ಲಿಗೆ ಹೋಗಿ ನೋಡಿ ತಾಲ್ಲೂಕಿನ ಅಮಲ್ದಾರರಿಗೆ ವರದಿ ಕಳಿಸುವುದು ಅವರ ಕೆಲಸ. ಸೊರಬ ಪೇಟೆಯ ಬಸ್ ನಿಲ್ದಾಣದ ಹಿಂದೆ, ದರ್ಜಿ ನಜೀರ್ ಸಾಬರ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಶನಿವಾರ ಬಸ್ಸು ಹಿಡಿದು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ, ಸೋಮವಾರ ಮೊದಲ ಬಸ್ಸಿಗೆ ಮತ್ತೆ ಸೊರಬಕ್ಕೆ. ಉಳಿದ ದಿನ ಸೈಕಲ್ಲು. ಮಂಡಿಯಲ್ಲಿ ನೀರು ತುಂಬಿಕೊಂಡಿತ್ತು. ಪಿಂಚಣಿಗೆ ಎರಡು ವರ್ಷ ಬಾಕಿ ಇತ್ತು. ಆ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕಳೆದರೆ ಸಾಕು ಎಂಬುದೇ ಅವರ ಹರಕೆ.

ಅವರ ಮಹಜರುಗಳು ಕಚೇರಿಯಲ್ಲಿ ನಗೆಪಾಟಲಾಗಿದ್ದವು. ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು ಪಂಚರ ಎದುರಿನಲ್ಲಿ ಬರೆದು, ಅವರ ರುಜುವನ್ನೋ ಹೆಬ್ಬೆಟ್ಟನ್ನೋ ಪಡೆದ ಕಾಗದ. ಬೇರೆ ಶೇಕದಾರರ ಮಹಜರು ಮೊದಲ ಪುಟ ತುಂಬಿ ಎರಡನೆಯದಕ್ಕೆ ಹರಿಯುತ್ತಿತ್ತು. ಸದಾಶಿವಪ್ಪನವರದು ಅರ್ಧ ಪುಟ ದಾಟುತ್ತಿರಲಿಲ್ಲ.

“ಏನ್ರೀ ಸದಾಶಿವಪ್ಪ, ಸರ್ಕಾರದ ಶಾಯಿ ಉಳಿಸಿ ಮನೆಗೇನಾದ್ರೂ ಒಯ್ತೀರಾ?” ಎಂದು ಶಿರಸ್ತೇದಾರ ಶೇಷಪ್ಪನವರು ಎಲ್ಲರೆದುರಿಗೆ ಕೇಳುತ್ತಿದ್ದರು. ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರು ಅವರು. ಮುಖದಲ್ಲಿ ನಗೆಯಿದ್ದರೂ ಮಾತು ತೂಕದ್ದು. “ಹೇಳಬೇಕಾದ್ದು ಮುಗೀತು ಸಾರ್,” ಎಂದರೆ, “ಹೇಳೋದು ಮುಗಿದ್ರೆ ಸಾಲದು ಮಾರಾಯ್ರೇ, ಕಾಗದ ಮುಗೀಬೇಕು. ಬಯಲು ಬಿಟ್ಟಲ್ಲಿ ಕಂಡೋರ ದನ ಮೇಯ್ತದೆ,” ಎನ್ನುತ್ತಿದ್ದರು. ಸದಾಶಿವಪ್ಪನವರು ಹೂಂಗುಟ್ಟಿ ತಮ್ಮ ಮೇಜಿಗೆ ಹೋಗುತ್ತಿದ್ದರು. ವಾದಿಸಲೂ ಮಾತು ಬೇಕಲ್ಲ.

ಆ ವರ್ಷ ನಾಟಿಯ ಕಾಲದಲ್ಲಿ ಮಾವಿನಹಳ್ಳಕೊಪ್ಪದ ದಾರಿಯ ತಕರಾರು ಬಂತು. ಹೊಸಬಾಳೆಯಿಂದ ಆಚೆಗಿನ ಸಣ್ಣ ಊರು. ಅಲ್ಲಿಯ ಹೂವಮ್ಮ ಎಂಬಾಕೆಗೆ ಎರಡೂವರೆ ಎಕರೆ ಗದ್ದೆ. ಅದರ ಮುಂದೆ ಜಯಪ್ಪನ ಗದ್ದೆ. ಹೂವಮ್ಮನ ಬಂಡಿ ರಸ್ತೆ ಮುಟ್ಟಬೇಕಾದರೆ ಜಯಪ್ಪನ ಬದುವಿನ ಮೇಲೆಯೇ ಹಾಯಬೇಕು. ಆಕೆಯ ಮಾವನ ಕಾಲದಿಂದಲೂ ಹಾಗೆಯೇ ನಡೆದಿತ್ತು. ಬಂಡಿ ಹಾಯ್ದು ಬದು ಕುಸಿಯುತ್ತದೆ, ನೀರು ನಿಲ್ಲುವುದಿಲ್ಲ ಎಂದು ಜಯಪ್ಪ ಎರಡು ವರ್ಷ ಗೊಣಗಿದ. ಮೂರನೆಯ ವರ್ಷ ದಾರಿಗೆ ಮುಳ್ಳು ಬಡಿದ. ಹೂವಮ್ಮ ಗೊಬ್ಬರವನ್ನೂ ಸಸಿಯನ್ನೂ ತಲೆಯ ಮೇಲೆ ಹೊರಿಸಿದಳು. ಆದರೆ ಸುಗ್ಗಿಯಲ್ಲಿ ಎರಡೂವರೆ ಎಕರೆಯ ಹೊರೆಯನ್ನು ತಲೆಯ ಮೇಲೆ ಹೊರಿಸಲು ಆಗುವ ಮಾತಲ್ಲ. ಬಂಡಿ ಬಾರದಿದ್ದರೆ ಬೆಳೆದ ಭತ್ತ ಗದ್ದೆಯಲ್ಲೇ ಉದುರಬೇಕು. ಅಮಲ್ದಾರರಿಗೆ ಅರ್ಜಿ ಕೊಟ್ಟಳು. ಸ್ಥಳ ನೋಡಿ ಮಹಜರು ಬರೆಯಲು ಸದಾಶಿವಪ್ಪನವರಿಗೆ ಹುಕುಂ ಆಯಿತು.

ಅವರು ಹೋದ ದಿನ ಪಕ್ಕದ ಲೋಕಪ್ಪನ ಗದ್ದೆಯಲ್ಲಿ ನಾಟಿ ನಡೆದಿತ್ತು. ಗಂಡಸರು ಸಸಿ ಕಿತ್ತು ಕಟ್ಟು ಎಸೆಯುತ್ತಿದ್ದರು. ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದರು. ಪಂಚರಾಗಲು ಲೋಕಪ್ಪನೂ ಇನ್ನು ಮೂವರೂ ಕೆಸರಿನಿಂದ ಎದ್ದು ಬಂದರು. ನಾಲ್ವರಿಗೂ ಅಕ್ಷರ ಬಾರದು. ಅವರ ಜೊತೆ ಸದಾಶಿವಪ್ಪನವರು ಬದುವಿನ ಉದ್ದಕ್ಕೂ ನಡೆದರು. ಕೈಯಿಂದ ಮೊಳ ಹಾಕಿ ಅಗಲ ಅಳೆದರು. ಬಗ್ಗಿ ಗಾಲಿಯ ಜಾಡಿನಲ್ಲಿ ಬೆರಳಿಟ್ಟು ನೋಡಿದರು. ಬೇಲಿಯ ಒಂದು ಕಡ್ಡಿ ಮುರಿದು, ಒಳಗಿನ ಹಸುರು ಕಂಡರು. ಆಚೆ ನೀರಿನ ತೋಡು, ಈಚೆ ಗುಡ್ಡ. ಬೇರೆ ದಾರಿಯಿಲ್ಲ.

ಬರೆಯಲು ಕುಳಿತಾಗ ಲೋಕಪ್ಪ ಕೈ ತೊಳೆದು ಬಂದು ಹೆಬ್ಬೆರಳು ಚಾಚಿದ.

“ಇನ್ನೂ ಬರ್ದಿಲ್ಲ ಮಾರಾಯ.”

“ನೀವು ಆಮೇಲೆ ಬರ್ಕಳಿ ಸ್ವಾಮಿ. ಈಗ ಒತ್ತಿ ಕೆಸರಿಗೆ ಇಳೀತೀವಿ. ಮತ್ತೆ ಮತ್ತೆ ಕೈ ತೊಳೆಯಾದು ಯಾರು?”

ಆ ಕಡೆ ಅದೇ ರೂಢಿ. ಮೊದಲು ಹೆಬ್ಬೆಟ್ಟು, ಆಮೇಲೆ ಬರಹ. ಬರೆದದ್ದನ್ನು ಓದಿಸಿ ಕೇಳಿ ಆಮೇಲೆ ಒತ್ತುತ್ತೇನೆ ಎಂದರೆ ಬಂದ ಸಾಹೇಬರ ಮೇಲೆ ಗುಮಾನಿ ಪಟ್ಟಂತೆ. ಮನೆಗೆ ಬಂದವರ ಎದುರು ಪಾತ್ರೆ ಎಣಿಸಿಟ್ಟಂತೆ. ಹಿಂದಿನ ಶೇಕದಾರರ ಬರಹ ಪುಟದ ಕೊನೆಗೆ ಹೋಗಿ ಮುಟ್ಟುತ್ತಿದ್ದುದರಿಂದ, ನಾಲ್ವರೂ ಮರ್ಯಾದೆಯಿಂದ ಕಾಗದದ ತೀರ ಕೆಳಗೆ ಹೆಬ್ಬೆಟ್ಟು ಒತ್ತಿದರು. ತಡೆಯಬೇಕಾಗಿತ್ತು. ನಿಯಮ ಸದಾಶಿವಪ್ಪನವರಿಗೆ ಗೊತ್ತಿತ್ತು. ಆದರೆ ಮೋಡ ಕವಿಯುತ್ತಿತ್ತು, ಮಂಡಿ ಉರಿಯುತ್ತಿತ್ತು, ಇನ್ನೊಂದು ಊರಿಗೆ ಹೋಗುವುದಿತ್ತು. ಸುಮ್ಮನಿದ್ದರು. ಅವರೆಲ್ಲ ಕೆಸರಿಗಿಳಿದ ಮೇಲೆ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಆರು ಸಾಲು ಬರೆದರು. ಹೆಬ್ಬೆಟ್ಟುಗಳ ಪಕ್ಕದಲ್ಲಿ, ಕೆಳಗೇ, ತಮ್ಮ ರುಜು ಹಾಕಿದರು. ನಡುವೆ ನಾಲ್ಕು ಬೆರಳು ಬಿಳಿ ಉಳಿಯಿತು.

ರೂಢಿಯಲ್ಲಿ ಇಲ್ಲದ ಒಂದನ್ನು ಅವರು ತಪ್ಪದೆ ಮಾಡುತ್ತಿದ್ದರು. ಬದುವಿನ ಮೇಲೆ ನಿಂತು, ಗದ್ದೆಗೆಲ್ಲ ಕೇಳುವ ಹಾಗೆ, ಬರೆದದ್ದನ್ನು ಓದಿದರು.

“ಹೂವಮ್ಮನ ಗದ್ದೆ ಹಿಂದಿದೆ, ಜಯಪ್ಪನ ಗದ್ದೆ ಮುಂದಿದೆ. ಜಯಪ್ಪನ ಗದ್ದೆಯ ಬಡಗಣ ಬದುವಿನ ಮೇಲೆ ಬಂಡಿ ದಾರಿ ಇದೆ. ದಾರಿಯ ಅಗಲ ಐದು ಮೊಳ. ಗಾಲಿಯ ಜಾಡು ನಾಲ್ಕು ಬೆರಳು ಆಳ ಬಿದ್ದಿದೆ. ದಾರಿಗೆ ಅಡ್ಡ ಮುಳ್ಳು ಹಾಕಿದ್ದಾರೆ, ಮುಳ್ಳು ಇನ್ನೂ ಹಸಿಯಾಗಿದೆ. ಹೂವಮ್ಮನ ಗದ್ದೆಗೆ ಬೇರೆ ದಾರಿ ಇಲ್ಲ.”

“ಮುಗೀತಾ?” ಎಂದ ಲೋಕಪ್ಪ, ಬಗ್ಗಿದಲ್ಲಿಂದಲೇ.

“ಮುಗೀತು. ಸರಿ ಇದೆಯಾ?”

“ಸರಿ ಇರದೆ ಎಂತ? ನಮ್ಗೇ ತಿಳೀತು ಅಂದ್ರೆ ಇದು ಸರ್ಕಾರದ ಕಾಗದ ಹೌದೋ ಅಲ್ವೋ ಅಂತ.”

ನೆಡುವ ಸಾಲಿನಲ್ಲಿ ದುರ್ಗಮ್ಮ ಎಂಬ ಹಿರಿಯ ಹೆಂಗಸು. ಬಾಯಿ ಹರಿತ, ಕಂಠ ಇನ್ನೂ ಹರಿತ. ಶೇಕದಾರರು ಸೈಕಲ್ ಹತ್ತುವ ಮೊದಲೇ ಆಕೆ ರಾಗ ತೆಗೆದಳು: “ಹೂವಮ್ಮನ ಗದ್ದೆ ಹಿಂದಿದೇ…” ಸಾಲಿನವರೆಲ್ಲ ನಗುತ್ತ ಎತ್ತಿಕೊಂಡರು: “ಜಯಪ್ಪನ ಗದ್ದೆ ಮುಂದಿದೇ…” ತಮ್ಮ ಸರ್ಕಾರಿ ಕಾಗದ ಸೋಬಾನೆಯ ಧಾಟಿಯಲ್ಲಿ ಬೆನ್ನಟ್ಟಿ ಬರುವುದನ್ನು ಕೇಳುತ್ತ ಸದಾಶಿವಪ್ಪನವರು ಕೆಸರು ರಸ್ತೆಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋದರು. ನಗು ಬರಲಿಲ್ಲ. ಇನ್ನೂ ಐದು ಮೈಲಿ ಇತ್ತು.

ಕಾಗದ ನಕ್ಷೆ ಬರೆಸಲೆಂದು ಒಂದು ಕಡೆ, ಟಿಪ್ಪಣಿಗೆಂದು ಇನ್ನೊಂದು ಕಡೆ, ಹೀಗೆ ಮೂರು ನಾಲ್ಕು ಕೈ ದಾಟಿ ಅಮಲ್ದಾರರ ಮೇಜಿಗೆ ಹೋಯಿತು. ಸದಾಶಿವಪ್ಪನವರು ಮರೆತರು.

ದೀಪಾವಳಿಗೆ ಹತ್ತು ದಿನ ಇದ್ದಾಗ ಹೂವಮ್ಮ ನಜೀರ್ ಸಾಬರ ಜಗಲಿಯ ಮುಂದೆ ಬಂದು ನಿಂತಳು. ಕೂರಿ ಎಂದರೂ ಕೂರಲಿಲ್ಲ.

“ಓದಿದ್ದೊಂದು, ಬರೆದಿದ್ದೊಂದಾ ಸ್ವಾಮಿ?”

“ಏನಮ್ಮ ಅದು?”

“ಜಯಪ್ಪನ್ನ ಕೇಳಿ, ಅವ್ನು ಹೂಂ ಅಂದ್ರೆ, ಬ್ಯಾಸಿಗೇಲಿ ಮಾತ್ರ ಬಂಡಿ ಹೊಡೀಬೇಕಂತೆ. ಅಮಲ್ದಾರ್ರು ಹಂಗೇ ತೀರ್ಪು ಕೊಟ್ರು. ಶೇಕದಾರ್ರೇ ಹಂಗೆ ಬರ್ದಾರೆ ಅಂತ ತೋರಿಸಿದ್ರು. ಭತ್ತ ತಲೆ ಬಗ್ಗಿಸೈತೆ. ಇನ್ನೊಂದು ತಿಂಗಳಿಗೆ ಕೊಯ್ಲು. ಬ್ಯಾಸಿಗೆ ಬರೋತನಕ ಅದೇನು ನನ್ನ ದಾರಿ ಕಾಯ್ತದಾ?”

ಹೊಲಿಗೆ ಯಂತ್ರದ ಸದ್ದು ನಿಂತಿತು. ನಜೀರ್ ಸಾಬರು ತಲೆ ಎತ್ತಿ ತಮ್ಮ ಬಾಡಿಗೆದಾರರನ್ನು ನೋಡಿದರು. ಸದಾಶಿವಪ್ಪನವರಿಗೆ ಆ ನೋಟ ಹೂವಮ್ಮನ ಮಾತಿಗಿಂತ ಹೆಚ್ಚು ತಾಗಿತು. “ನಾನು ಹಾಗೆ ಬರೆದಿಲ್ಲ,” ಎಂದರು. “ಮೇಲಿನ ಸಾಹೇಬ್ರಿಗೆ ಅಪೀಲು ಹಾಕ್ಕಂಡೀನಿ. ಅಲ್ಲಿ ಬಂದು ಹೇಳ್ತೀರಾ?” ಎಂದು ಕೇಳಿದಳು ಆಕೆ.

ಮರುದಿನ ಫೈಲು ತೆಗೆಸಿ ನೋಡಿದರು. ತಮ್ಮ ಆರು ಸಾಲು ಹಾಗೆಯೇ ಇದ್ದವು. ಅದರ ಕೆಳಗೆ, ಬಿಳಿ ಉಳಿದಿದ್ದ ಜಾಗದಲ್ಲಿ, ಏಳನೆಯದು:

“ಮತ್ತು ಸದರಿ ಬಂಡಿ ದಾರಿಯು ಸದರಿ ಜಯಪ್ಪನವರ ಖಾಸಾ ಅನುಮತಿಯ ಮೇರೆಗೆ ಬೇಸಿಗೆ ಕಾಲದಲ್ಲಿ ಮಾತ್ರ ಉಪಯೋಗಿಸಲ್ಪಡುತ್ತಾ ಬಂದಿರುವುದಾಗಿ ಪಂಚರಾದ ನಾವುಗಳು ಒಪ್ಪಿ ಬರೆಯಿಸಿಕೊಟ್ಟಿರುತ್ತೇವೆ.”

ಅಕ್ಷರ ಅವರದರಂತೆಯೇ ಇತ್ತು. ‘ಯ’ದ ಬಾಲವನ್ನು ಅವರು ಎಳೆಯುವ ಹಾಗೆಯೇ ಎಳೆದಿತ್ತು. ಶಾಯಿ ಅದೇ. ಹನ್ನೊಂದು ವರ್ಷ ನಕಲು ತೆಗೆದ ಮನುಷ್ಯ ತನ್ನ ಕೈಯ ನಕಲನ್ನು ಮೊದಲ ಸಲ ನೋಡುತ್ತಿದ್ದ. ಚೆನ್ನಾಗಿ ತೆಗೆದಿದ್ದಾನೆ ಎಂದು ಒಂದು ಕ್ಷಣ ಅನ್ನಿಸಿತು ಕೂಡ. ಯಾರು ತೆಗೆದದ್ದೆಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಶೇಷಪ್ಪನವರು ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡರು.

“ಈಗ ಏನ್ ಮಾಡ್ತೀರಿ?”

“ನನ್ನದಲ್ಲ ಅಂತ ಹೇಳ್ತೀನಿ ಸಾರ್.”

“ಹೇಳಿ. ಜಯಪ್ಪನ ವಕೀಲ ಒಂದೇ ಪ್ರಶ್ನೆ ಕೇಳ್ತಾನೆ. ಸ್ವಾಮಿ, ಆರು ಸಾಲು ಬರೆದ ಮೇಲೆ ಹೆಬ್ಬೆಟ್ಟು ತಗೊಂಡ್ರೆ ಅದು ಆರನೇ ಸಾಲಿನ ಕೆಳಗೆ ಇರಬೇಕಿತ್ತು, ಪಾತಾಳದಲ್ಲಿ ಯಾಕಿದೆ? ಖಾಲಿ ಕಾಗದದ ಮೇಲೆ ತಗೊಂಡೆ ಅಂದ್ರೆ, ಏಳನೇದೇನು, ಆರೂ ಬಿತ್ತು. ಆ ಹೆಂಗಸಿನ ಕೈಯಲ್ಲಿ ಇರೋ ಆರು ಸಾಲೂ ಹೋಯ್ತು. ಜೊತೆಗೆ ನಿಮ್ಮ ಮೇಲೆ ವಿಚಾರಣೆ. ಪಿಂಚಣಿಗೆ ಇನ್ನೆಷ್ಟು?”

“ಎರಡು ವರ್ಷ.”

“ಏಳೂ ನಂದೇ ಅನ್ನಿ. ಯಾರೂ ನಿಮ್ಮ ಕೂದಲು ಕೊಂಕಿಸಲ್ಲ.” ದನಿ ತಗ್ಗಿಸಿ ಹೇಳಿದರು. “ಅವತ್ತೇ ಹೇಳಿದ್ನಲ್ಲ ಮಾರಾಯ್ರೇ. ತುಂಬಿಸಿ ಬರೀರಿ ಅಂತ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉಳಿದ ಶೇಕದಾರರು ಪುಟ ತುಂಬಿಸುತ್ತಿದ್ದುದು ಬರೀ ಜಂಭಕ್ಕಲ್ಲ ಎಂಬುದು ಸದಾಶಿವಪ್ಪನವರಿಗೆ ಆ ದಿನ ತಿಳಿಯಿತು. ‘ಸದರಿ’ಗಳೆಲ್ಲ ಒಂದು ಬಗೆಯ ಬೇಲಿ. ತಿಳಿಯುವ ಹಾಗೆ ಬರೆಯುವುದಷ್ಟನ್ನೇ ನೋಡಿಕೊಂಡ ತಾವು ಬೇಲಿಯನ್ನು ಮರೆತಿದ್ದರು. ಕಾಗದಕ್ಕೆ ಮುಂದೆ ಏನೇನಾಗಬಹುದೆಂಬುದೂ ಬರೆಯುವವನ ಕೆಲಸದೊಳಗೇ ಸೇರಿದ್ದೆಂದು ಐವತ್ತಮೂರನೆಯ ವರ್ಷದಲ್ಲಿ ಕಲಿಯುವುದು ಸುಖದ ಕಲಿಕೆಯಲ್ಲ.

ಶನಿವಾರ ಶಿಕಾರಿಪುರದಲ್ಲಿ ಊಟಕ್ಕೆ ಕೂತಾಗ ವನಜಮ್ಮನಿಗೆ ಹೇಳಿದರು. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ಎರಡು ವರ್ಷ ಬಾಯಿ ಮುಚ್ಕೊಂಡಿರಾಕ ಆಗಂಗಿಲ್ಲೇನ್ರೀ ನಿಮಗ?”

“ಬಾಯಿ ಮುಚ್ಕೊಂಡೇ ಬಂದೀನಲ್ಲ. ಅದಕ್ಕೇ ಹಿಂಗಾತು.”

“ಆ ಹೆಂಗಸು ಏನಂತು?”

“ಓದಿದ್ದೊಂದು, ಬರೆದಿದ್ದೊಂದಾ ಅಂತು.”

ವನಜಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದರು. ಅದು ಉಬ್ಬಿದ ಮೇಲೆ ತಿರುವಿ ಹಾಕಿದರು. “ಹಂಗನ್ನಿಸಿಕೊಂಡು ಮನ್ಯಾಗ ಕುಂತು ಪಿಂಚಣಿ ತಿಂದ್ರ ನಿಮಗ ಅರಗತೈತೇನು?” ಎಂದರು. ಸದಾಶಿವಪ್ಪನವರು ಎರಡನೆಯ ರೊಟ್ಟಿ ಬೇಡವೆಂದರು. ವನಜಮ್ಮ ಹಾಕಿಯೇ ಹಾಕಿದರು.

ಅಸಿಸ್ಟೆಂಟ್ ಕಮೀಷನರ್ ಸಾಹೇಬರ ಮೊಕ್ಕಾಂ ನವೆಂಬರ್ ಕೊನೆಯ ವಾರ ಸೊರಬದ ಪ್ರವಾಸಿ ಬಂಗಲೆಯಲ್ಲಿ. ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಹಜಾರದಲ್ಲಿ ಹೂವಮ್ಮ, ಜಯಪ್ಪ, ಅವನ ವಕೀಲರು, ನಾಲ್ವರು ಪಂಚರು. ಜಗಲಿಯಲ್ಲಿ ಊರಿನಿಂದ ಬಂಡಿ ಕಟ್ಟಿಕೊಂಡು ಬಂದ ಹೆಂಗಸರು, ಅವರ ನಡುವೆ ದುರ್ಗಮ್ಮ.

ಸದಾಶಿವಪ್ಪನವರನ್ನು ಮೊದಲು ಕರೆದರು. ಏಳನೆಯ ಸಾಲು ತಮ್ಮದಲ್ಲ ಎಂದರು. ವಕೀಲರು ಎದ್ದು, ಶೇಷಪ್ಪನವರು ಹೇಳಿದ್ದ ಪ್ರಶ್ನೆಯನ್ನೇ ಕೇಳಿದರು. ಬರೆದ ಮೇಲೆಯೇ ತೆಗೆದುಕೊಂಡೆ ಎಂದು ಹೇಳಿಬಿಡಬಹುದಿತ್ತು. ಅದಕ್ಕೊಂದು ಕಾರಣ ಕಟ್ಟಬೇಕು; ಆ ಕಾರಣಕ್ಕೆ ಇನ್ನೊಂದು. ಅಷ್ಟು ಕಟ್ಟುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

“ಬರೆಯುವುದಕ್ಕೆ ಮೊದಲೇ ತೆಗೆದುಕೊಂಡೆ. ನಿಯಮಕ್ಕೆ ವಿರುದ್ಧ. ಗೊತ್ತಿದ್ದೂ ಮಾಡಿದೆ.”

“ಹಾಗಾದರೆ ಪಂಚರು ಏನಕ್ಕೆ ಒಪ್ಪಿದರೆಂಬುದಕ್ಕೆ ಈ ಕಾಗದ ಸಾಕ್ಷಿಯೇ ಅಲ್ಲ, ಸ್ವಾಮಿ,” ಎಂದು ವಕೀಲರು ಸಾಹೇಬರ ಕಡೆ ತಿರುಗಿ ಕೂತರು.

ಹೂವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬರು ಕಾಗದವನ್ನು ಬಹಳ ಹೊತ್ತು ನೋಡಿ, ಲೋಕಪ್ಪನನ್ನು ಕರೆದು, ಅದನ್ನು ತೋರಿಸದೆ ಕೇಳಿದರು. “ನೀನು ಹೆಬ್ಬೆಟ್ಟು ಒತ್ತಿದ್ದು ಯಾವ ಮಾತಿಗೆ? ನಿನಗೆ ಗೊತ್ತಿದೆಯಾ?”

“ಗೊತ್ತಿರದೆ ಎಂತ ಸ್ವಾಮಿ.” ಲೋಕಪ್ಪ ಕೈಕಟ್ಟಿ ಶುರುಮಾಡಿದ. “ಹೂವಮ್ಮನ ಗದ್ದೆ ಹಿಂದಿದೆ. ಜಯಪ್ಪನ ಗದ್ದೆ ಮುಂದಿದೆ. ಜಯಪ್ಪನ ಗದ್ದೆಯ… ಜಯಪ್ಪನ…” ತಡವರಿಸಿ ತಲೆ ಕೆರೆದುಕೊಂಡ. “ರಾಗ ಇಲ್ದೆ ಬರಾದಿಲ್ಲ ಸ್ವಾಮಿ.”

“ರಾಗವೇ?”

“ಹಾಡು ಅದು.”

ಸಾಹೇಬರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. “ಹಾಡೇ ಹೇಳು.”

ಲೋಕಪ್ಪ ಕಣ್ಣು ಮುಚ್ಚಿ ಗೊಗ್ಗರು ದನಿಯಲ್ಲಿ ಹಾಡಿದ. ಬಡಗಣ ಬದು, ಐದು ಮೊಳ, ನಾಲ್ಕು ಬೆರಳು ಆಳದ ಜಾಡು, ಹಸಿ ಮುಳ್ಳು. ಸಾಹೇಬರ ಬೆರಳು ಕಾಗದದ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಐದನೆಯ ಸಾಲಿನಲ್ಲಿ ಲೋಕಪ್ಪನ ಉಸಿರು ಕಟ್ಟಿದಾಗ, ಜಗಲಿಯಿಂದ ದುರ್ಗಮ್ಮ ಎತ್ತಿಕೊಂಡಳು: “ಹೂವಮ್ಮನ ಗದ್ದೆಗೆ ಬೇರೆ ದಾರಿ ಇಲ್ಲಾ…” ಜವಾನ ಓಡಿಹೋಗಿ ಗದರಿದ. “ಅವ್ನು ರಾಗ ಕೆಡಿಸ್ತಾನೆ ಮಾರಾಯ, ನಾ ಎಂತ ಮಾಡಲಿ?” ಎಂದಳು ಆಕೆ.

“ಮುಂದೆ?” ಎಂದರು ಸಾಹೇಬರು.

“ಮುಂದೆ ಎಂತದ್ದೂ ಇಲ್ಲ. ಅಷ್ಟೇಯ.”

ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದು ಕೇಳಿದರು. ಒಬ್ಬ ಬೆರಳನ್ನೂ ಮೊಳವನ್ನೂ ಅದಲುಬದಲು ಮಾಡಿದ. ಆದರೆ ಅನುಮತಿಯ ಮಾತಾಗಲಿ ಬೇಸಿಗೆಯ ಮಾತಾಗಲಿ ಯಾರ ಬಾಯಲ್ಲೂ ಬರಲಿಲ್ಲ. ಏಳನೆಯ ಸಾಲನ್ನು ಸಾಹೇಬರೇ ಓದಿ ಹೇಳಿದಾಗ ಲೋಕಪ್ಪ, “ಅದ್ಯಾವ ಭಾಷೆ ಸ್ವಾಮಿ?” ಎಂದು ಕೇಳಿದ.

ವಕೀಲರು ಬಿಡಲಿಲ್ಲ. “ಇದೆಲ್ಲ ಮೊನ್ನೆ ಬಾಯಿಪಾಠ ಮಾಡಿಸಿ ತಂದದ್ದು. ಶೇಕದಾರರು ತಮ್ಮ ತಪ್ಪು ಮುಚ್ಚಿಕೊಳ್ಳಲು ಹಾಡು ಕಲಿಸಿದ್ದಾರೆ.”

ಸದಾಶಿವಪ್ಪನವರು ನೆಲ ನೋಡುತ್ತ ನಿಂತಿದ್ದರು. ಸಾಹೇಬರು ಯೋಚಿಸಿ, ಜಯಪ್ಪನ ಕಡೆಗೆ ತಿರುಗಿ, ಮನೆಯ ಮಾತು ವಿಚಾರಿಸುವವರಂತೆ ಕೇಳಿದರು. “ಈ ಹಾಡು ನೀವು ಮೊದಲು ಕೇಳಿದ್ದಿರಾ ಜಯಪ್ಪ?”

ಜಯಪ್ಪ ಅಷ್ಟು ಹೊತ್ತು ಹಲ್ಲು ಕಚ್ಚಿ ಕೂತಿದ್ದವನು ಸಿಡಿದ. “ಕೇಳದೆ ಏನ್ ಸ್ವಾಮಿ! ನಾಟಿ ಮುಗಿಯೋತನಕ ಊರ ತುಂಬಾ ಇದೇ. ನನ್ನ ಗದ್ದೆಗೆ ಕೂಲಿಗೆ ಬಂದು, ನನ್ನ ಅವಲಕ್ಕಿ ತಿಂದು, ನನ್ನ ಗದ್ದೇಲೇ ಬಗ್ಗಿ ನಿಂತು ಹಾಡಿದ್ರು ಈ ಬಜಾರಿಗಳು!”

“ಅದರಲ್ಲಿ ನಿಮ್ಮ ಅನುಮತಿ ಕೇಳಬೇಕು ಅನ್ನೋ ಸಾಲು ಇತ್ತಾ?”

“ಇದ್ದಿದ್ರೆ ನಾನೂ ಹಾಡ್ತಿದ್ನಲ್ಲ!”

ವಕೀಲರು ಕಣ್ಣು ಮುಚ್ಚಿಕೊಂಡರು. ತಾನು ಏನೆಂದೆನೆಂಬುದು ಜಯಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಜಗಲಿಯವರಿಗೆ ಆ ಹೊತ್ತೂ ಬೇಕಾಗಲಿಲ್ಲ. ನಗೆಯ ಅಲೆ ಕಿಟಕಿಯಿಂದ ಒಳಗೆ ಬಂತು. ಸಾಹೇಬರು ಏನನ್ನೋ ಬರೆದುಕೊಂಡು, “ಆಜ್ಞೆ ಆಮೇಲೆ ಬರುತ್ತದೆ,” ಎಂದು ಎದ್ದರು.

ಹನ್ನೆರಡು ದಿನ ಕಾಯಬೇಕಾಯಿತು. ಹೂವಮ್ಮ ಕೊಯ್ಲು ಮುಂದೂಡಿ ದಿನ ಬಿಟ್ಟು ದಿನ ಸೊರಬಕ್ಕೆ ನಡೆದು ಬಂದಳು. ಹದಿಮೂರನೆಯ ದಿನ, ಶನಿವಾರ, ಕಚೇರಿಯಿಂದ ಎರಡು ಲಕೋಟೆ ಸದಾಶಿವಪ್ಪನವರ ಕೈಗೆ ಬಂದವು. ಒಂದು ತಕರಾರಿನ ಆಜ್ಞೆಯ ನಕಲು, ಇನ್ನೊಂದು ಅವರ ಹೆಸರಿನದು. ತಮ್ಮದನ್ನು ಕಿಸೆಗೆ ಹಾಕಿಕೊಂಡು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮೊದಲನೆಯದನ್ನು ಬಿಚ್ಚಿದರು. ಹೂವಮ್ಮ ಎದುರಿಗೆ ನಿಂತಿದ್ದಳು.

ಮೂರು ಪುಟ. ಮೊದಲ ಪುಟದಲ್ಲಿ ದಾರಿ ಕಾಣಲಿಲ್ಲ. ಎರಡನೆಯದರಲ್ಲಿ ಯಾವ ಯಾವ ಕಲಮುಗಳನ್ನು ಪರಿಶೀಲಿಸಲಾಯಿತೆಂದಿತ್ತು.

“ಏನಂತೆ?”

“ತಡಿಯಮ್ಮ.”

“ದಾರಿ ಐತೋ, ಇಲ್ವೋ?”

ಮೂರನೆಯ ಪುಟದ ನಡುವೆ, ಒಂದು ದೊಡ್ಡ ವಾಕ್ಯದ ಹೊಟ್ಟೆಯಲ್ಲಿ, ಅದು ಸಿಕ್ಕಿತು. ಎರಡು ಸಲ ಓದಿ ಖಾತ್ರಿ ಮಾಡಿಕೊಂಡರು.

“ಐತೆ. ಬಂಡಿ ಹೊಡೀರಿ.”

“ಬ್ಯಾಸಿಗೇಲಿ ಮಾತ್ರವಾ?”

“ಯಾವಾಗ ಬೇಕಾದ್ರೂ.”

“ಅವ್ನನ್ನ ಕೇಳ್ಬೇಕಾ?”

“ಬೇಡ. ಮುಳ್ಳು ಅವನೇ ತೆಗೀಬೇಕು. ಎಂಟು ದಿನದೊಳಗೆ.”

“ಎಂಟು ದಿನ ಯಾರು ಕಾಯ್ತಾರೆ, ನಾನೇ ತೆಗಿತೀನಿ,” ಎಂದಳು ಹೂವಮ್ಮ. ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕುಡುಗೋಲಿನ ಆಳಿಗೆ ಹೇಳಬೇಕು, ಬಂಡಿಯ ಕೀಲಿಗೆ ಎಣ್ಣೆ ಹಾಕಿಸಬೇಕು ಎಂದು ತನ್ನಷ್ಟಕ್ಕೆ ಎಣಿಸಿಕೊಳ್ಳುತ್ತ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದಳು. ಕೈ ಮುಗಿದು ಹೋದಳು.

ಶಿಕಾರಿಪುರದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಶಿರಾಳಕೊಪ್ಪ ದಾಟುವವರೆಗೂ ಸದಾಶಿವಪ್ಪನವರು ನಿದ್ದೆ ಮಾಡಿದರು. ಎಚ್ಚರವಾದ ಮೇಲೆ, ಇನ್ನು ತಡಮಾಡುವುದರಲ್ಲಿ ಅರ್ಥವಿಲ್ಲವೆಂದು ಕಿಸೆಯ ಲಕೋಟೆಯನ್ನು ತೆಗೆದರು.

“ನೀವು ಖಾಲಿ ಕಾಗದದ ಮೇಲೆ ಪಂಚರ ಹೆಬ್ಬೆಟ್ಟು ಪಡೆದಿರಿ. ಇದು ತಪ್ಪು. ನಿಮ್ಮನ್ನು ಹೋಬಳಿಯ ಕೆಲಸದಿಂದ ತೆಗೆದು, ದಾಖಲೆ ಕೋಣೆಗೆ ಹಾಕಲಾಗಿದೆ.”

ಮೂರು ವಾಕ್ಯ, ಕೆಳಗೆ ರುಜು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಚೇರಿ ಅವರಿಗೆ ಇಷ್ಟು ಬಿಡಿಸಿ ಯಾವತ್ತೂ ಬರೆದಿರಲಿಲ್ಲ. ಅಭ್ಯಾಸಬಲದಿಂದ, ಎಲ್ಲಿ ಒಂದು ಮಾತು ತೆಗೆಯಬಹುದೆಂದು ಅವರ ಕಣ್ಣು ಹುಡುಕಿತು. ಸಿಗಲಿಲ್ಲ.

ಮನೆಯಲ್ಲಿ ವನಜಮ್ಮ ಮುಖ ನೋಡಿಯೇ ಕೈ ಚಾಚಿದರು. ಅವರು ಓದಿದ್ದು ಕನ್ನಡ ಮೂರನೆಯ ತರಗತಿ. ಗಂಡ ತರುತ್ತಿದ್ದ ಸರ್ಕಾರಿ ಕಾಗದಗಳನ್ನು ಇಷ್ಟು ವರ್ಷ ಅವರಿಂದಲೇ ಓದಿಸಿ, ಅರ್ಥ ಹೇಳಿಸಿಕೊಂಡು ಬಂದವರು. ಬಾಗಿಲ ಬೆಳಕಿಗೆ ಹಿಡಿದು, ತುಟಿಯಾಡಿಸುತ್ತ, ನಿಧಾನವಾಗಿ ಕೊನೆಯವರೆಗೂ ಓದಿದರು.

“ತಿಳೀತೇನು?” ಎಂದು ಕೇಳಿದರು ಸದಾಶಿವಪ್ಪನವರು.

“ತಿಳೀತು.” ಕಾಗದ ಮಡಚಿ ಗೂಡಿನಲ್ಲಿಟ್ಟರು. “ನೀರು ಕಾದಾವ. ಕಾಲು ತೊಳ್ಕೊಳ್ರಿ.”